ಎಂಟನೇ ಇನಿಂಗ್ಸ್‌ನಲ್ಲಿ ಯಾರನ್ನು ಕೂರಿಸ್ತೀರಿ?

1986, ಅಕ್ಟೋಬರ್ 25. ನ್ಯೂಯಾರ್ಕ್‌ನ ಶೇ ಸ್ಟೇಡಿಯಂ. ಬೇಸ್‌ಬಾಲ್‌ನ ವರ್ಲ್ಡ್ ಸೀರೀಸ್ ಆರನೇ ಪಂದ್ಯ, ಹತ್ತನೇ ಇನಿಂಗ್ಸ್. ಮೂಕಿ ವಿಲ್ಸನ್ ಹೊಡೆದ ಚೆಂಡು ಉರುಳುತ್ತಾ ಬಂದು ಬಾಸ್ಟನ್ ತಂಡದ ಫೀಲ್ಡರ್ ಬಿಲ್ ಬಕ್ನರ್ ಕಾಲಸಂದಿಯಲ್ಲಿ ನುಸುಳಿಹೋಯ್ತು. ಬಾಸ್ಟನ್ ಆ ಪಂದ್ಯ ಸೋತಿತು. ಆಮೇಲೆ ಸೀರೀಸ್ ಕೂಡ. ಮುನ್ನಡೆ ಇದ್ದಾಗ, ಕಾಲುನೋವಿನ ಬಕ್ನರ್ ಬದಲು ಫೀಲ್ಡಿಂಗ್‌ಗೆ ಡೇವ್ ಸ್ಟೇಪಲ್ಟನ್‌ನನ್ನು ಇಳಿಸೋದು ವಾಡಿಕೆಯಾಗಿತ್ತು. ಅವತ್ತು ಮ್ಯಾನೇಜರ್ ಇಳಿಸಲಿಲ್ಲ.

ಬೇಸ್‌ಬಾಲ್ ಸಿಮ್ಯುಲೇಶನ್ ಗೇಮ್‌ನಲ್ಲಿ ಆ ಮ್ಯಾನೇಜರ್ ನೀವೇ! ಮುನ್ನಡೆ ಇದ್ದರೆ ಎಂಟನೇ ಇನಿಂಗ್ಸ್ ಹೊತ್ತಿಗೆ ಒಳ್ಳೇ ಫೀಲ್ಡರ್‌ನನ್ನು ತನ್ನಿ. ಆದರೆ ಹುಷಾರು, ಇದು ಕ್ರಿಕೆಟ್ಟಿನ ಹನ್ನೆರಡನೇ ಆಟಗಾರನ ಥರ ಅಲ್ಲ. ಹೊರಗೆ ಹೋದವನು ಮತ್ತೆ ಬರೋ ಹಾಗಿಲ್ಲ. ಬಂದವನೇ ಬ್ಯಾಟೂ ಬೀಸಬೇಕು. ಅವನಿಗೆ ಬ್ಯಾಟಿಂಗ್ ಸರಿಯಾಗಿ ಬಾರದೆ, ಸ್ಕೋರ್ ಸಮವಾಯ್ತೋ, ತಲೆ ಮೇಲೆ ಕೈ! ಅವನ ಬ್ಯಾಟಿಂಗ್ ಸರದಿ ಎಷ್ಟು ಹತ್ತಿರ ಇದೆ ಅಂತ ನೋಡಿಕೊಂಡೇ ಬದಲಾಯಿಸಿ.