ಬಾಗಿಲಿನ ಅಂಗಾಂಗಗಳು ಮತ್ತು ಗಡಿನಾಡ ಕನ್ನಡದ ಪದಗಳು

ಗಡಿನಾಡಿನ ಆಡುಮಾತನ್ನು ಸಂಗ್ರಹಿಸುವವರು ಸಾಮಾನ್ಯವಾಗಿ ಒಂದು ಪದಪಟ್ಟಿ ಹಿಡಿದು ಹೋಗುತ್ತಾರೆ. ಅದರ ‘ಮನೆ’ ವಿಭಾಗದಲ್ಲಿ ‘ಬಾಗಿಲು’ ಎಂಬ ಒಂದೇ ನಮೂದು ಇರುತ್ತದೆ. ಬರುವ ಉತ್ತರವೂ ಒಂದೇ: ಬಾಗಿಲು, ಬಾಗ್ಲು, ಬಾಗಲಾ. ಉಚ್ಚಾರಣೆಯ ವ್ಯತ್ಯಾಸವಷ್ಟೇ ದಾಖಲಾಗುತ್ತದೆ. ಆದರೆ ಬಾಗಿಲು ಒಂದೇ ವಸ್ತುವಲ್ಲ, ಹಲವು ಬಿಡಿ ಮರಗಳ ಜೋಡಣೆ. ಒಂದೊಂದು ಮರಕ್ಕೂ ಒಂದೊಂದು ಕೆಲಸ, ಒಂದೊಂದು ಹೆಸರು. ಆ ಜೋಡಣೆಯನ್ನು ತಿಳಿಯದೆ ಪದಗಳನ್ನು ಹೋಲಿಸಿದರೆ ಯಾವುದು ನಮ್ಮದು, ಯಾವುದು ನೆರೆಯದು ಎಂಬ ತೀರ್ಮಾನವೇ ತಪ್ಪಬಹುದು. ಇದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಬಾಗಿಲು ಮತ್ತು ಕದ

‘ಬಾಗಿಲ್’ ಎಂಬುದು ಮೂಲತಃ ಮನೆಯ ಬಾಯಿ, ಎಂದರೆ ತೆರಪು. ತಮಿಳಿನ ವಾಯಿಲ್, ತೆಲುಗಿನ ವಾಕಿಲಿ, ತುಳುವಿನ ಬಾಕಿಲ್ ಇದರ ಬಳಗದವು. ಆ ತೆರಪನ್ನು ಮುಚ್ಚುವ ಹಲಗೆ ‘ಕದ’; ತಮಿಳಿನ ಕದವು ಇದಕ್ಕೆ ಹತ್ತಿರದ್ದು. ಸೊಲ್ಲಾಪುರ, ಅಕ್ಕಲಕೋಟೆ ಕಡೆಯ “ಬಾಗಲದಾಗ ನಿಂತಾನ”, “ಕದಾ ಹಾಕು” ಎಂಬ ಮಾತುಗಳಲ್ಲಿ ಈ ಭೇದ ಕಾಣುತ್ತದೆ. “ಬಾಗ್ಲು ಹಾಕು” ಎನ್ನುವ ಕಡೆ ತೆರಪು, ಹಲಗೆ ಎರಡಕ್ಕೂ ಒಂದೇ ಪದ.

2. ಚೌಕಟ್ಟು

ಸೊಲ್ಲಾಪುರ ಭಾಗದ ಹಳೆಯ ವಾಡೆಗಳಲ್ಲಿ ಮಾಳಿಗೆಯ ಭಾರವನ್ನು ಕಂಬ, ತೊಲೆ, ಜಂತಿಗಳು ಹೊರುತ್ತವೆ. ಎರಡು ಕಂಬಗಳ ನಡುವಿನ ಜಾಗ ಕನ್ನಡದಲ್ಲಿ ‘ಅಂಕಣ’, ಮರಾಠಿಯಲ್ಲಿ ‘ಖಣ’. ಬಾಗಿಲಿನ ಚೌಕಟ್ಟು ಇಂಥ ಅಂಕಣದಲ್ಲಿ ನಿಲ್ಲುತ್ತದೆ. ಎರಡು ನಿಲುವು ಮರ, ಮೇಲೊಂದು ಅಡ್ಡಮರ, ಕೆಳಗೆ ಹೊಸ್ತಿಲು, ಒಟ್ಟು ನಾಲ್ಕು. ನಿಲುವು ಮರದ ತುದಿಯನ್ನು ನಾಲಗೆಯ ಹಾಗೆ ಕೆತ್ತಿ, ಅಡ್ಡಮರದ ತೂತಿಗೆ ಇಳಿಸಿ, ಮರದ ಬೆಣೆ ಹೊಡೆಯುತ್ತಾರೆ. ಮೇಲಿನ ಮತ್ತು ಕೆಳಗಿನ ಮರಗಳ ಕೊನೆಗಳು ನಿಲುವಿನಿಂದ ಆಚೆ ಚಾಚಿ ಗೋಡೆಯೊಳಗೆ ಹೂತಿರುವುದರಿಂದ ಚೌಕಟ್ಟು ಅಲುಗುವುದಿಲ್ಲ. ಕದ ಒರಗಲು ಚೌಕಟ್ಟಿನ ಒಳ ಅಂಚಿನಲ್ಲಿ ಸಣ್ಣ ಮೆಟ್ಟಿಲಿನಂತೆ ಕಚ್ಚು ತೆಗೆದಿರುತ್ತಾರೆ.

‘ಚೌಕಟ್ಟು’ ಪದದಲ್ಲೇ ಈ ರಚನೆಯಿದೆ. ಹಿಂದಿಯ ಚೌಖಟ್ ಎಂಬುದರ ಮೂಲ ‘ಚತುಷ್ಕಾಷ್ಠ’, ನಾಲ್ಕು ಮರ. ಹಳೆಯ ಮೈಸೂರು ಕಡೆಯ ಪದ ‘ಬಾಗಿಲುವಾಡ’; ಅದಕ್ಕೆ ತಗುಲಿದ ತಮಿಳು ಪ್ರದೇಶದಲ್ಲಿ ‘ನಿಲೈ’. ಕರಾವಳಿಯಲ್ಲಿ ‘ದಾರಂದ’, ಮಲಯಾಳದಲ್ಲಿ ‘ಕಟ್ಟಿಳ’. ದಾರಂದವು ಸಂಸ್ಕೃತದ ದ್ವಾರಬಂಧದಿಂದ ಬಂದದ್ದು. ತೆಲುಗಿನಲ್ಲೂ ಚೌಕಟ್ಟಿಗೆ ‘ದ್ವಾರಬಂಧಂ’ ಎನ್ನುತ್ತಾರೆ. ಆದ್ದರಿಂದ ರಾಯದುರ್ಗದ ಕನ್ನಡಿಗರ ಬಾಯಲ್ಲಿ ‘ದ್ವಾರಬಂಧ’ ಕೇಳಿದ ಮಾತ್ರಕ್ಕೆ ಅದನ್ನು ತೆಲುಗಿನ ಸಾಲವೆಂದು ಬರೆದುಕೊಳ್ಳಲಾಗದು.

ಹೊಸ್ತಿಲಿಗೆ ಹೊಸ್ಲು, ಹೊಚ್ಚಲ ಎಂಬ ರೂಪಗಳಿವೆ. ತೆಲುಗಿನಲ್ಲಿ ಅದು ‘ಗಡಪ’, ಮರಾಠಿಯಲ್ಲಿ ‘ಉಂಬರಾ’. ಈಗಿನ ಮನೆಗಳ ಒಳಕೋಣೆಗಳಿಗೆ ಬಹುಮಟ್ಟಿಗೆ ಮೂರೇ ಮರದ ಚೌಕಟ್ಟು, ಹೊಸ್ತಿಲಿಲ್ಲ. ಆದರೂ ತಲೆಬಾಗಿಲಿಗೆ ಹೊಸ್ತಿಲು ಬಿಟ್ಟಿಲ್ಲ, ಏಕೆಂದರೆ ಅಲ್ಲಿ ಪೂಜೆಯಿದೆ. ತುಳುನಾಡಿನಲ್ಲಿ ಸೋಣ ತಿಂಗಳ ಹೊಸ್ತಿಲು ಪೂಜೆ, ಉತ್ತರದಲ್ಲಿ ಹೊಸ್ತಿಲ ಹುಣ್ಣಿಮೆ. ಮರದ ಕೆಲಸ ಮುಗಿದರೂ ಆಚರಣೆ ಪದವನ್ನು ಉಳಿಸಿದೆ.

3. ಕದದ ಬಗೆಗಳು

ಸರಳವಾದದ್ದು ಹಲಗೆ ಕದ. ಉದ್ದ ಹಲಗೆಗಳನ್ನು ಪಕ್ಕಪಕ್ಕ ಇಟ್ಟು ಹಿಂದೆ ಅಡ್ಡಪಟ್ಟಿ ಬಡಿಯುತ್ತಾರೆ. ಎರಡನೆಯದರಲ್ಲಿ ಮೊದಲು ಕದಕ್ಕೇ ಒಂದು ಚೌಕ ಕಟ್ಟಿ, ಅದರ ಒಳ ಅಂಚಿನ ಗಾಡಿಯಲ್ಲಿ ತೆಳುಹಲಗೆ ಕೂರಿಸುತ್ತಾರೆ. ಮಳೆಗೆ ಹಿಗ್ಗಿ ಬಿಸಿಲಿಗೆ ಕುಗ್ಗಲು ಹಲಗೆಗೆ ಅಲ್ಲಿ ಎಡೆಯಿರುವುದರಿಂದ ಅದು ಸೀಳುವುದಿಲ್ಲ. ಜೋಡಿ ಕದಗಳಲ್ಲಿ ಒಂದರ ಅಂಚಿಗೆ ನಡುಪಟ್ಟಿ ಇದ್ದು, ಎರಡೂ ಕೂಡುವ ಸಂದನ್ನು ಮುಚ್ಚುತ್ತದೆ. ದೊಡ್ಡ ಕದದೊಳಗೆ ಆಳು ಬಗ್ಗಿ ನುಗ್ಗುವಷ್ಟು ಸಣ್ಣ ಕದವಿದ್ದರೆ ಅದು ‘ದಿಡ್ಡಿ ಬಾಗಿಲು’. ಮರಾಠಿಯಲ್ಲಿ ‘ದಿಂಡಿ ದರವಾಜಾ’. ತೆಲುಗಿನ ‘ದಿಡ್ಡಿ’ಗೆ ಹಿತ್ತಿಲ ಬಾಗಿಲೆಂಬ ಅರ್ಥವೂ ಇದೆ. ಪದ ಒಂದೇ, ಗೋಡೆ ಬೇರೆ!

4. ತಿರುಗುವ ಬಗೆ

ಪದಚರಿತ್ರೆಗೆ ಅತಿ ಮುಖ್ಯವಾದ ಅಂಗ ಇದು. ಹಳೆಯ ಕದಕ್ಕೆ ಕಬ್ಬಿಣ ಬೇಕಿರಲಿಲ್ಲ. ಕದದ ಒಂದು ಅಂಚಿನ ಮೇಲೆ ಕೆಳಗೆ ಗೂಟದಂತೆ ಮರ ಚಾಚಿರುತ್ತದೆ. ಕೆಳಗಿನದು ಹೊಸ್ತಿಲ ಕುಳಿಯಲ್ಲಿ, ಮೇಲಿನದು ಅಡ್ಡಮರದ ಹಿಂದಿನ ತೂತಿನಲ್ಲಿ ತಿರುಗುತ್ತದೆ. ‘ತಿರುಗುಣಿ’ ಎಂಬ ಹೆಸರು ‘ತಿರುಗು’ ಎಂಬ ಧಾತುವಿನದೇ. ಈ ಕದದ ಭಾರವೆಲ್ಲ ಹೊಸ್ತಿಲ ಮೇಲೆ. ಕಬ್ಬಿಣದ ಕೀಲು ಬಂದಾಗ ಭಾರ ನಿಲುವು ಮರಕ್ಕೆ ವರ್ಗವಾಯಿತು, ಹೊಸ್ತಿಲಿಗೆ ಆ ಕೆಲಸ ಉಳಿಯಲಿಲ್ಲ.

ಕಬ್ಬಿಣದ ಕೀಲಿಗೆ ಮರಾಠಿಯಲ್ಲಿ ‘ಬಿಜಾಗರೀ’, ಮಲಯಾಳದಲ್ಲಿ ‘ವಿಜಾಗಿರಿ’, ಕನ್ನಡದಲ್ಲೂ ‘ಬಿಜಾಗ್ರಿ’. ಮೂಲ ಇವು ಯಾವುವೂ ಅಲ್ಲ, ಪೋರ್ಚುಗೀಸಿನ ‘ಬಿಸಾಗ್ರ’. ಚಾವಿ, ಜನೇಲು ಕೂಡ ಅಲ್ಲಿಂದಲೇ ಬಂದವು. ಅಕ್ಕಲಕೋಟೆಯಲ್ಲಿ ಕೇಳಿದವರು ಇದನ್ನು ಮರಾಠಿ ಪ್ರಭಾವವೆಂದೂ ಕಾಸರಗೋಡಿನಲ್ಲಿ ಕೇಳಿದವರು ಮಲಯಾಳ ಪ್ರಭಾವವೆಂದೂ ಬರೆದರೆ, ಒಂದೇ ಪದ ಎರಡು ತೀರ್ಮಾನಗಳಿಗೆ ಸಾಕ್ಷಿಯಾಗುತ್ತದೆ. ಪದ ವಸ್ತುವಿನ ಜೊತೆ ಬಂದಿದೆ. ನೆರೆಯ ಭಾಷೆ ಅದು ಬಂದ ದಾರಿಯಷ್ಟೇ ಆಗಿರಬಹುದು. ಹಾಗೆಯೇ ಕದದ ಹಿಂದೆ ಅಡ್ಡ ಹಾಕುವ ಮರ ನಮ್ಮಲ್ಲಿ ‘ಅಗುಳಿ’, ಮರಾಠಿಯಲ್ಲಿ ‘ಅಡಸರ’. ಅಗುಳಿಯೂ ಸಂಸ್ಕೃತದ ‘ಅರ್ಗಲ’ದಿಂದ ಬಂದದ್ದೇ, ಆದರೆ ಬಹು ಹಿಂದೆ.

5. ಚಿತ್ರ ಬಿಡಿಸಿ ಕೇಳುವ ಕ್ರಮ

ಒಂದು ಬಾಗಿಲಿಗೆ ಮೂರು ಚಿತ್ರ ಸಾಕು. ಮೊದಲನೆಯದು ಒಳಗಿನಿಂದ ಕಂಡ ನೋಟ. ಅಗುಳಿ, ಚಿಲಕ, ಅಡ್ಡಪಟ್ಟಿ ಇರುವುದು ಒಳಗೆ. ಎರಡನೆಯದು ಎದೆಮಟ್ಟದಲ್ಲಿ ಅಡ್ಡ ಕತ್ತರಿಸಿದಂತೆ ಬರೆದ ನಕ್ಷೆ. ಕದ ತೆರೆಯುವ ದಿಕ್ಕನ್ನು ಕಮಾನುಗೆರೆಯಿಂದ ತೋರಿಸಬೇಕು. ಮೂರನೆಯದು ಮೇಲಿಂದ ಕೆಳಗೆ ಸೀಳಿದ ನೋಟ. ಹೊಸ್ತಿಲ ಕುಳಿ ಇಲ್ಲಿ ಮಾತ್ರ ಕಾಣುತ್ತದೆ. ಹತ್ತರಲ್ಲೊಂದು ಅಳತೆಯಲ್ಲಿ ಬರೆದರೆ 180 ಸೆಂ.ಮೀ. ಎತ್ತರದ ಬಾಗಿಲು 18 ಸೆಂ.ಮೀ. ಆಗಿ ನೋಟ್‌ಬುಕ್ಕಿನಲ್ಲೇ ಹಿಡಿಯುತ್ತದೆ. ಮೂಲೆಯ ಕೂಡಿಕೆಯನ್ನು ಬೇರೆಯಾಗಿ ದೊಡ್ಡದು ಮಾಡಿ ಬರೆಯಬೇಕು.

ಬಳಿಕ ಅಂಗಗಳಿಗೆ ಅಂಕಿ ಕೊಟ್ಟು, ಹೆಸರು ಬಾಯಿಬಿಡದೆ, ಬೆರಳಿಟ್ಟು ಕೇಳಬೇಕು. ಸೊಲ್ಲಾಪುರದಲ್ಲಿ “ಇದಕ್ಕ ಏನಂತೀರಿ?”, ಕಾಸರಗೋಡಿನಲ್ಲಿ “ಇದಕ್ಕೆ ಎಂತ ಹೇಳುವುದು?” ನಾವೇ ‘ಚೌಕಟ್ಟು’ ಎಂದುಬಿಟ್ಟರೆ ಉತ್ತರವೂ ಚೌಕಟ್ಟೇ. ಮನೆಯವರನ್ನೂ ಬಡಿಗರನ್ನೂ (ಕರಾವಳಿಯಲ್ಲಿ ಆಚಾರಿಗಳನ್ನು) ಬೇರೆಬೇರೆಯಾಗಿ ಕೇಳುವುದು ಲೇಸು. ಮನೆಯವರಿಗೆ ಬಳಕೆಯ ಪದ ಗೊತ್ತು, ಕೂಡಿಕೆಯ ಪದ ಬಡಿಗರಿಗೆ ಗೊತ್ತು. ಭದ್ರಿರಾಜು ಕೃಷ್ಣಮೂರ್ತಿಯವರ ಸಂಪಾದಕತ್ವದಲ್ಲಿ ತೆಲುಗಿನ ಮಾಂಡಲಿಕ ವೃತ್ತಿಪದಕೋಶದ ಮೊದಲ ಸಂಪುಟ 1962ರಲ್ಲೇ, ಬೇಸಾಯದ ಪದಗಳನ್ನು ಕುರಿತು, ಹೊರಬಂದಿತು. ವೃತ್ತಿಯವರನ್ನೇ ಕೇಳುವ ಆ ದಾರಿ ನಮಗೂ ಒದಗುತ್ತದೆ.

ಹಳೆಯ ಮನೆ ಕೆಡವಿದಾಗ ಚೌಕಟ್ಟು ಹಳೆಮರದ ಅಂಗಡಿಗೆ ಹೋಗುತ್ತದೆ. ಕೊಂಡವರಿಗೆ ಮರ ಸಿಗುತ್ತದೆ, ಹೆಸರು ಸಿಗುವುದಿಲ್ಲ. ತಿರುಗುಣಿಯ ಕದ ಕಂಡರಿಯದ ಮಕ್ಕಳಿಗೆ ಆ ಪದವನ್ನು ಕಲಿಸುವ ಸಂದರ್ಭವೇ ಬಾರದು. ಆದುದರಿಂದ ಗಡಿಭಾಗದ ಪ್ರತಿ ಊರಿನಿಂದ ಒಂದು ಹಳೆಯ ಬಾಗಿಲಿನ ಮೂರು ಚಿತ್ರ, ಅಂಗಗಳ ಹೆಸರು, ಹೇಳಿದವರ ವಯಸ್ಸು, ಮನೆಮಾತು, ಕಸುಬು ಇಷ್ಟನ್ನು ಸ್ಥಳೀಯ ವಿದ್ವಾಂಸರು ದಾಖಲಿಸಿದರೆ ಪ್ರಾದೇಶಿಕ ಪದಕೋಶಕ್ಕೆ ಭದ್ರವಾದ ಸಾಮಗ್ರಿ ಒದಗುತ್ತದೆ. ಮನೆ ನಿಂತಿರುವಾಗಲೇ ಈ ಕೆಲಸ ಆಗಬೇಕು.