ಅಜೀಬ್ ಪಕ್ಕದ ಗರೀಬ್

ಎರಡು ತಲೆಯ ಕರು ಹುಟ್ಟಿದರೆ ಹಿಂದಿ ಸುದ್ದಿವಾಹಿನಿಯವರ ಬಾಯಲ್ಲಿ ‘ಅಜೀಬೋ ಗರೀಬ್’ ಎಂಬ ಮಾತು ಬಂದೇ ಬರುತ್ತದೆ. ಅಜೀಬ್ ಅಂದರೆ ವಿಚಿತ್ರ, ಸರಿ. ಅದರ ಪಕ್ಕದಲ್ಲಿ ಈ ಬಡವನಿಗೇನು ಕೆಲಸ?

ಅಲ್ಲಿ ಅವನು ಬಡವನೇ ಅಲ್ಲ. ಉರ್ದುವಿಗೆ ಬಂದ ಈ ಪದಕ್ಕೆ ಅರಬ್ಬಿಯಲ್ಲಿ ಪರಸ್ಥಳದವ, ಗುರುತಿಲ್ಲದವ ಎಂಬ ಅರ್ಥ. ಅದರಿಂದಲೇ ಕಂಡರಿಯದ್ದು, ವಿಚಿತ್ರವಾದದ್ದು. ಬಳಕೆ ತಪ್ಪಿದ, ಅರ್ಥ ಬೇಗ ಹೊಳೆಯದ ಪದಗಳನ್ನೂ ಅರಬ್ಬಿ ಪಂಡಿತರು ಗರೀಬ್ ಎಂದೇ ಕರೆದರು. ಜೋಡುನುಡಿಯೊಳಗೆ ಆ ಹಳೆಯ ಅರ್ಥ ಭರಣಿಯ ಉಪ್ಪಿನಕಾಯಿಯಂತೆ ಕೆಡದೆ ಉಳಿದಿದೆ.

ಗರೀಬ್ ಪದದ ಧಾತುವಿನ ಅರ್ಥ ದೂರ ಸರಿಯುವುದು, ಮರೆಯಾಗುವುದು. ಸೂರ್ಯ ಮರೆಯಾಗುವ ಕಡೆ ‘ಗರ್ಬ್’, ಆ ಹೊತ್ತಿನ ನಮಾಜು ‘ಮಗ್ರಿಬ್’. ನಮ್ಮ ಪಡುವಣವೂ ಹೊತ್ತು ಪಡುವ ದಿಕ್ಕೇ ತಾನೆ? ಪೋರ್ಚುಗಲ್ಲಿನ ತೆಂಕಣ ತುದಿಯ ಅಲ್ಗಾರ್ವ್ ಕೂಡ ಒಂದು ಕಾಲದ ಅಲ್-ಗರ್ಬ್.

ಉರ್ದುವಿನಲ್ಲಿ ಹಳೆಯ ಅರ್ಥ ಹಿಂದೆ ಸರಿದು ಬಡತನ ಮುಂದೆ ಬಂತು. ‘ಗುರ್ಬತ್’ ಅಂದರೆ ಇಂದಿನ ಬೀದಿಯಲ್ಲಿ ಬಡತನ. ಹಳೆಯ ಗಜಲ್‌ಗಳಲ್ಲಿ ಅದು ಊರು ಬಿಟ್ಟವನ ಒಂಟಿತನ. ಮೊಹರಂ ಹತ್ತನೆಯ ದಿನದ ಇರುಳು ದೀಪವಾರಿಸಿ ಶಿಯಾಗಳು ಕೂರುವ ಶೋಕಸಭೆ ‘ಶಾಮೆ ಗರೀಬಾಂ’. ಅದನ್ನು ಬಡವರ ಸಂಜೆ ಎಂದು ಅನುವಾದಿಸಿದರೆ ಕೆಟ್ಟಿತು. ಕ್ರಿ.ಶ. 680ರಲ್ಲಿ ಕರ್ಬಲಾದ ಮರಳುಗಾಡಿನಲ್ಲಿ ತಮ್ಮವರನ್ನು ಕಳೆದುಕೊಂಡು ಉಳಿದ ಹೆಂಗಸರು, ಮಕ್ಕಳ ಸಂಜೆ ಅದು. ದೂರದಿಂದ ಬಂದು ಅಜ್ಮೇರಿನಲ್ಲಿ ನೆಲೆಸಿದ ಸೂಫಿ ಸಂತ ಮೊಯಿನುದ್ದೀನ್ ಚಿಶ್ತಿಗೆ ‘ಗರೀಬ್ ನವಾಜ್’, ಗರೀಬರನ್ನು ಪೊರೆಯುವವ, ಎಂಬ ಹೆಸರು ಸಂದಾಗ ಎರಡು ಅರ್ಥವೂ ಅದರಲ್ಲಿ ಹಿಡಿಸಿದಂತೆ ನನಗನ್ನಿಸುತ್ತದೆ.

ಲಖನೌ ಮರ್ಯಾದೆಯಲ್ಲಂತೂ ಈ ಪದ ನಾಟಕವನ್ನೇ ಆಡುತ್ತದೆ. ಮೂರಂತಸ್ತಿನ ಹವೇಲಿಯವನೂ ತನ್ನ ಮನೆಯನ್ನು ‘ಗರೀಬ್‌ಖಾನಾ’ ಅನ್ನುತ್ತಾನೆ. ಎದುರಿಗಿದ್ದವನ ಒಂಟಿ ಕೋಣೆ ‘ದೌಲತ್‌ಖಾನಾ’.

ಎದುರುಪದ ಅಮೀರನದೂ ಇಂಥದೇ ಕಥೆ. ಅರಬ್ಬಿಯಲ್ಲಿ ಅಮೀರ್ ಎಂದರೆ ಅಪ್ಪಣೆ ಕೊಡುವವ, ದಂಡನಾಯಕ. ಇಂಗ್ಲಿಷಿನ ಅಡ್ಮಿರಲ್ ಅದೇ ಪದದ ದೂರದ ನೆಂಟ. ಉರ್ದುವಿಗೆ ಬರುವಷ್ಟರಲ್ಲಿ ಅಪ್ಪಣೆ ಕೊಡುವವನು ಹಣವಂತನಾದ, ಹೊರಗಿನವನು ಬಡವನಾದ. 1971ರ ಚುನಾವಣೆಯ ‘ಗರೀಬಿ ಹಟಾವೋ’ ಘೋಷಣೆಯನ್ನು ಹಳೆಯ ಅರ್ಥದಲ್ಲಿ ಓದಿ ನೋಡಿ, ಪರಕೀಯತೆ ತೊಲಗಿಸಿ ಎಂದಾಗುತ್ತದೆ!

ಇದೆಲ್ಲ ಅರಬ್ಬಿ-ಉರ್ದುವಿನ ಚಮತ್ಕಾರ ಎಂದುಕೊಳ್ಳುವ ಮೊದಲು ನಮ್ಮ ಹಟ್ಟಿಯ ಮಾತನ್ನೂ ಕೇಳಬೇಕು. ಪರದೇಶಿ ಎಂದರೆ ಪದದ ಪ್ರಕಾರ ಬೇರೆ ದೇಶದವನು. ಆದರೆ ‘ಅಯ್ಯೋ, ಪರದೇಸಿ ಕೂಸು’ ಎಂದು ಮುದುಕಿಯೊಬ್ಬಳು ನಿಟ್ಟುಸಿರಿಟ್ಟರೆ ಆ ಮಗುವಿಗೆ ಅಪ್ಪ ಅಮ್ಮ ಇಲ್ಲ, ದಿಕ್ಕಿಲ್ಲ ಎಂದೇ ತಿಳಿಯುತ್ತೇವೆ. ಅದು ಹುಟ್ಟಿದ ಹಟ್ಟಿ ಬಿಟ್ಟು ಹೊಳೆಯಾಚೆಗೂ ಹೋಗಿರುವುದಿಲ್ಲ.