ಓಟ ಗೆಲ್ಲುವುದು ಲೇತಿನ ಮೇಲೆ

ಮನೆಯ ಮುಂದೆ ಬಟ್ಟೆ ಹೊದ್ದು ನಿಂತು, ಭಾನುವಾರಗಳಲ್ಲಿ ಮತ್ತು ಮದುವೆಯ ಮುಹೂರ್ತಗಳಿಗೆ ಮಾತ್ರ ಬೀದಿಗಿಳಿಯುತ್ತಿದ್ದ ಫಿಯೆಟ್ ಕಾರು ಸದ್ದಿಲ್ಲದೆ ವಿಂಟೇಜ್ ಪದವಿಗೇರಿದೆ. ಕೇಂದ್ರ ಸಾರಿಗೆ ಸಚಿವಾಲಯವು 2021ರ ಜುಲೈಯಲ್ಲಿ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ಕಳೆದ, ಮೂಲ ಸ್ವರೂಪದಲ್ಲೇ ಉಳಿದುಕೊಂಡಿರುವ ಕಾರು ಮತ್ತು ದ್ವಿಚಕ್ರ ವಾಹನಗಳೆಲ್ಲವೂ ವಿಂಟೇಜ್ ವಾಹನಗಳು. ಪ್ರೀಮಿಯರ್ ಕಂಪನಿಯ ಫಿಯೆಟ್ ‘ಪದ್ಮಿನಿ’ ಎಂಬ ಹೆಸರು ಪಡೆದದ್ದು 1974ರಲ್ಲಿ. ಅಂದರೆ ಮೊದಲ ತಲೆಮಾರಿನ ಪದ್ಮಿನಿಗಳು ಈಗ ಕಾನೂನಿನ ಕಣ್ಣಿನಲ್ಲಿ ಮಹಾರಾಜರ ರೋಲ್ಸ್ ರಾಯ್ಸ್‌ಗಳ ಪಂಕ್ತಿಯಲ್ಲಿ ಕುಳಿತಿವೆ.

ಈ ಬಡ್ತಿಯನ್ನು ನಾವು ಇನ್ನೂ ಸರಿಯಾಗಿ ಗಮನಿಸಿಲ್ಲ. ವಿಂಟೇಜ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಹಿತ್ತಾಳೆಯ ದೀಪ, ಚರ್ಮದ ಆಸನ, ಪೇಟ ತೊಟ್ಟ ಸಾರಥಿ. ಅದು ತಪ್ಪೇನಲ್ಲ. ಬ್ರಿಟನ್ನಿನ ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್ಬಿನ ಲೆಕ್ಕದಲ್ಲಿ 1930ರ ಕೊನೆಯೊಳಗೆ ತಯಾರಾದದ್ದಕ್ಕೆ ಮಾತ್ರ ಆ ಹೆಸರು ಸಲ್ಲುತ್ತದೆ. ನಮ್ಮ ಸರ್ಕಾರದ ವ್ಯಾಖ್ಯೆಯಾದರೋ ಪ್ರತಿ ವರ್ಷವೂ ಒಂದು ಹೆಜ್ಜೆ ಮುಂದಕ್ಕೆ ಸರಿಯುವಂಥದು. ಹಾಗಾಗಿ ರಾಜನ ಕಾರಿನೊಡನೆ ಬ್ಯಾಂಕ್ ಮ್ಯಾನೇಜರನ ಕಾರೂ, ನರ್ಸಿಂಗ್ ಹೋಮಿನ ಡಾಕ್ಟರ ಸ್ಟ್ಯಾಂಡರ್ಡ್ ಹೆರಾಲ್ಡೂ, ಗುತ್ತಿಗೆದಾರನ ಅಂಬಾಸಡರೂ ಅಲ್ಲಿ ಸೇರಿಕೊಂಡಿವೆ. ಇದೊಂದು ಆಕಸ್ಮಿಕವಾದ ಪ್ರಜಾಪ್ರಭುತ್ವ.

ಆದರೆ ಪದವಿ ಕೊಟ್ಟ ನಿಯಮವೇ ಕಾಲನ್ನೂ ಕಟ್ಟಿದೆ. ಹೊಸದಾಗಿ ವಿಂಟೇಜ್ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ. ಸಂಖ್ಯಾಫಲಕದ ಮೇಲೆ ‘ವಿಎ’ ಎಂಬ ಗುರುತು. 10 ವರ್ಷಗಳ ಅವಧಿ. ಇಂಥ ವಾಹನವನ್ನು ನಿತ್ಯದ ಓಡಾಟಕ್ಕಾಗಲೀ ಬಾಡಿಗೆಗಾಗಲೀ ಬಳಸುವಂತಿಲ್ಲ. ಪ್ರದರ್ಶನ, ತಾಂತ್ರಿಕ ಸಂಶೋಧನೆ, ವಿಂಟೇಜ್ ರ‍್ಯಾಲಿ, ಪೆಟ್ರೋಲು, ರಿಪೇರಿ, ಇಷ್ಟಕ್ಕೆ ಮಾತ್ರ ರಸ್ತೆಗೆ ತರಬಹುದು. ರಸ್ತೆ ಸುರಕ್ಷತೆಯ ದೃಷ್ಟಿಯಿಂದ ಇದು ನ್ಯಾಯವಾದ ಏರ್ಪಾಡೇ. ಪ್ರಶ್ನೆ ಬೇರೆ. ನಿಂತೇ ಇರುವ ಯಂತ್ರ ಎಷ್ಟು ಕಾಲ ಯಂತ್ರವಾಗಿ ಉಳಿಯುತ್ತದೆ? ಓಡದ ಎಂಜಿನ್ನಿನ ಉಂಗುರಗಳು ಸಿಲಿಂಡರಿಗೆ ಕಚ್ಚಿಕೊಳ್ಳುತ್ತವೆ, ಬ್ರೇಕಿನ ರಬ್ಬರು ಬಿರಿಯುತ್ತದೆ, ಪೆಟ್ರೋಲ್ ಟ್ಯಾಂಕಿನೊಳಗೆ ತುಕ್ಕು ಕೂರುತ್ತದೆ. ಹಳೆಯ ಕಾರಿನ ಸಂರಕ್ಷಣೆಗೆ ಅದನ್ನು ಓಡಿಸುವುದಕ್ಕಿಂತ ಒಳ್ಳೆಯ ಮಾರ್ಗ ಯಾರಿಗೂ ಗೊತ್ತಿಲ್ಲ.

ಯುರೋಪಿನವರು ಇದನ್ನು ಬಹಳ ಹಿಂದೆಯೇ ಕಂಡುಕೊಂಡರು. ಮೇಲೆ ಹೇಳಿದ ಬ್ರಿಟಿಷ್ ಕ್ಲಬ್ಬು ಹುಟ್ಟಿದ್ದು 1934ರಲ್ಲಿ, ಅಂದರೆ ವಿಂಟೇಜ್ ಕಾರುಗಳಿಗೆ ಆಗ ನಾಲ್ಕಾರು ವರ್ಷ ಮಾತ್ರ ವಯಸ್ಸಾಗಿತ್ತು! ಇಂದಿಗೂ ಅದರ ಸದಸ್ಯರು ಬೇಸಿಗೆಯುದ್ದಕ್ಕೂ ನಿಜವಾದ ಟ್ರ್ಯಾಕುಗಳ ಮೇಲೆ ನಿಜವಾಗಿಯೇ ಸ್ಪರ್ಧಿಸುತ್ತಾರೆ. 1966ರಲ್ಲಿ ಬಾಗಿಲು ಹಾಕಿದ್ದ ಗುಡ್‌ವುಡ್ ಟ್ರ್ಯಾಕಿನಲ್ಲಿ 1998ರಿಂದ ಹಳೆಯ ಕಾರುಗಳ ಓಟ ಮತ್ತೆ ನಡೆಯುತ್ತಿದೆ, ಮೊನಾಕೊದಲ್ಲಿ 1997ರಿಂದ. ಇಲ್ಲಿ ಒಂದು ತಂಡ ‘ಈ ಋತು ನಮಗೆ ಚೆನ್ನಾಗಿತ್ತು’ ಎಂದು ಹೇಳಿಕೊಂಡರೆ ಅದರ ಅರ್ಥ ಪದಕಗಳ ಎಣಿಕೆಯಷ್ಟೇ ಅಲ್ಲ. ತೊಂಬತ್ತು ವರ್ಷದ ಎಂಜಿನ್ನು ವಸಂತದಿಂದ ಶರತ್ತಿನವರೆಗೆ ಒಡೆಯದೆ ಬಾಳಿತು, ಪ್ರತಿ ಓಟದಲ್ಲೂ ಗುರಿಯ ಗೆರೆ ದಾಟಿತು ಎಂಬುದೇ ಅಲ್ಲಿ ದೊಡ್ಡ ಗೆಲುವು. ಓಟದ ಮೈದಾನದಲ್ಲಿ ಕಾರು ಕಳೆಯುವುದು ಕೆಲವು ನಿಮಿಷ. ಕಾರ್ಯಾಗಾರದಲ್ಲಿ ಕಳೆಯುವುದು ಇಡೀ ಚಳಿಗಾಲ.

1927ರ ಲೆ ಮಾನ್ಸ್ ಓಟದ ಕಥೆ ಈ ವರ್ಗದವರ ಪುರಾಣವೇ ಆಗಿದೆ. ರಾತ್ರಿ ನಡೆದ ಸರಣಿ ಅಪಘಾತವೊಂದರಲ್ಲಿ ಬೆಂಟ್ಲಿ ತಂಡದ ಮೂರು ಕಾರುಗಳೂ ಸಿಕ್ಕಿಬಿದ್ದವು. ಎರಡು ಅಲ್ಲೇ ಮುಗಿದವು. ಮೂರನೆಯದನ್ನು ಡೇವಿಸ್ ಮತ್ತು ಬೆಂಜಾಫೀಲ್ಡ್ ಎಂಬ ಚಾಲಕರು, ಮುಂಭಾಗ ನಜ್ಜುಗುಜ್ಜಾಗಿ ಒಂದು ದೀಪ ಒಡೆದುಹೋದ ಸ್ಥಿತಿಯಲ್ಲೇ ಎಬ್ಬಿಸಿ ಕಟ್ಟಿ ಓಡಿಸಿ ಗೆದ್ದರು. ಬೆಂಟ್ಲಿ 1930ರೊಳಗೆ ಐದು ಬಾರಿ ಅಲ್ಲಿ ಗೆದ್ದಿತು. 1931ರಲ್ಲಿ ಕಂಪನಿಯೇ ರೋಲ್ಸ್ ರಾಯ್ಸ್ ಪಾಲಾಯಿತು. ಗೆಲುವಿಗೂ ಲಾಭಕ್ಕೂ ಅಷ್ಟೇನೂ ಸಂಬಂಧವಿಲ್ಲವೆಂಬುದು ಮೋಟಾರು ಸ್ಪರ್ಧೆಯ ಹಳೆಯ ಅನುಭವ.

ಇದೆಲ್ಲ ಸಿರಿವಂತರ ಆಟವಲ್ಲವೇ ಎಂದು ಓದುಗರು ಕೇಳಬಹುದು. ಬೆಂಟ್ಲಿಯ ಮಟ್ಟಿಗೆ ಹೌದು. ಆದರೆ ಬ್ರಿಟನ್ನಿನ ಹಳೆಯ ಕಾರುಗಳ ಓಟವನ್ನು ಜೀವಂತವಾಗಿಟ್ಟಿರುವುದರಲ್ಲಿ ಅದಕ್ಕಿಂತ ದೊಡ್ಡ ಪಾಲು ಆಸ್ಟಿನ್ ಸೆವೆನ್ ಎಂಬ ಪುಟಾಣಿ ಕಾರಿನದು. 1922ರಲ್ಲಿ ಬಂದ ಅದರ ಎಂಜಿನ್ನು ನಮ್ಮ ಮಾರುತಿ 800ಕ್ಕಿಂತಲೂ ಚಿಕ್ಕದು; 747 ಸಿ.ಸಿ. ಗುಮಾಸ್ತರೂ ಶಾಲಾ ಮಾಸ್ತರರೂ ಕೊಂಡ ಕಾರು ಅದು. ಗುಜರಿಗೆ ಬಿದ್ದ ಆಸ್ಟಿನ್‌ಗಳ ಮೈಯನ್ನು ಕಿತ್ತೆಸೆದು ಹುಡುಗರು ಓಟದ ಕಾರು ಕಟ್ಟಿಕೊಂಡರು. ಮುಂದೆ ಲೋಟಸ್ ಸಂಸ್ಥೆ ಕಟ್ಟಿದ ಕಾಲಿನ್ ಚಾಪ್‌ಮನ್ ನಿರ್ಮಿಸಿದ ಮೊದಲ ಕಾರಿನ ಅಡಿಯಲ್ಲಿದ್ದದ್ದು ಆಸ್ಟಿನ್ ಸೆವೆನ್. ನ್ಯೂಜಿಲೆಂಡಿನ ಬ್ರೂಸ್ ಮೆಕ್‌ಲಾರೆನ್ ಮೊದಲು ಸ್ಪರ್ಧಿಸಿದ್ದೂ ಅದರಲ್ಲೇ. ಅಗ್ಗವಾದ, ಬಿಡಿಭಾಗ ಸಿಗುವ, ಕೈಯಾರೆ ಬಿಚ್ಚಿ ಜೋಡಿಸಬಲ್ಲ ಕಾರಿದ್ದರೆ ಓಟಕ್ಕೆ ಅರಮನೆ ಬೇಕಿಲ್ಲ.

ನಮ್ಮ ಆಸ್ಟಿನ್ ಸೆವೆನ್ ಯಾವುದು? ಸಂದೇಹವೇ ಬೇಡ, ಫಿಯೆಟ್ 1100. 1,089 ಸಿ.ಸಿ. ಎಂಜಿನ್ನಿನ ಈ ಕಾರಿನ ಇಟಲಿಯ ಅಣ್ಣತಮ್ಮಂದಿರು 1950ರ ದಶಕದಲ್ಲಿ ಮಿಲ್ಲೆ ಮಿಲಿಯಾ ಎಂಬ ಸಾವಿರ ಮೈಲಿಯ ಪ್ರಸಿದ್ಧ ಓಟದಲ್ಲಿ ಭಾಗವಹಿಸಿದವರೇ. ನಮ್ಮಲ್ಲಿ ಚೆನ್ನೈ ಹೊರವಲಯದ ಶೋಲಾವರಂ ಎಂಬಲ್ಲಿದ್ದ ಎರಡನೇ ಮಹಾಯುದ್ಧ ಕಾಲದ ವಿಮಾನಪಟ್ಟಿಯ ಮೇಲೆ, 1953ರಲ್ಲಿ ಸ್ಥಾಪನೆಯಾದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಹಲವು ದಶಕ ಓಟ ನಡೆಸಿತು. ಫಿಯೆಟ್, ಹೆರಾಲ್ಡ್, ಅಂಬಾಸಡರುಗಳೇ ಅಲ್ಲಿನ ಕುದುರೆಗಳು. ಪರವಾನಗಿ ರಾಜ್ಯದ ಆ ಕಾಲದಲ್ಲಿ ಬೇರೆ ಕಾರು ತರುವುದೆಲ್ಲಿಂದ? ಬೆಂಗಳೂರಿನಿಂದಲೂ ಸ್ಪರ್ಧಿಗಳು ಹೋಗುತ್ತಿದ್ದರು. 1980ರ ದಶಕದ ಆರಂಭದಲ್ಲಿ ವಿಜಯ್ ಮಲ್ಯ ಎನ್‌ಸೈನ್ ಫಾರ್ಮುಲಾ ಒನ್ ಕಾರನ್ನೇ ತಂದು ಅಲ್ಲಿ ಓಡಿಸಿದ್ದು ಇಂದಿಗೂ ಹಳಬರ ಬಾಯಲ್ಲಿ ಉಳಿದಿದೆ. ಆದರೆ ನನಗೆ ಅದಕ್ಕಿಂತ ಹೆಚ್ಚು ಗೌರವ, ಸ್ಟಿಯರಿಂಗಿನ ಪಕ್ಕದಲ್ಲೇ ಗೇರಿನ ಹಿಡಿಕೆ ಇದ್ದ ಫಿಯೆಟ್ಟಿನಿಂದ ವೇಗ ಹಿಂಡಿ ತೆಗೆದವರ ಬಗ್ಗೆ.

ಶೋಲಾವರಂ ಮುಗಿದು 1990ರಲ್ಲಿ ಇರುಂಗಾಟ್ಟುಕೋಟ್ಟೈ ಟ್ರ್ಯಾಕು ಬಂತು. ಕೊಯಮತ್ತೂರಿನ ಕರಿವರ್ಧನ್ ಮಾರುತಿ ಎಂಜಿನ್ನು ಇಟ್ಟು ಕಟ್ಟಿದ ಒಂಟಿ ಆಸನದ ಕಾರುಗಳು ಬಂದವು. ಕ್ರೀಡೆ ಮುಂದೆ ಹೋಯಿತು. ಹಳೆಯ ಫಿಯೆಟ್ಟುಗಳು ಗುಜರಿಗೆ ಹೋದವು. ಇತ್ತ ವಿಂಟೇಜ್ ಕಾರುಗಳವರದೇ ಬೇರೊಂದು ಲೋಕವಾಯಿತು. 1964ರಲ್ಲಿ ದೆಹಲಿಯಲ್ಲಿ, 1968ರಲ್ಲಿ ಕೋಲ್ಕತ್ತದಲ್ಲಿ ‘ಸ್ಟೇಟ್ಸ್‌ಮನ್’ ಪತ್ರಿಕೆ ಆರಂಭಿಸಿದ ರ‍್ಯಾಲಿಗಳ ಮಾದರಿಯೇ ದೇಶದಾದ್ಯಂತ ಹಬ್ಬಿತು. ಹೊಳಪು, ಸ್ವಂತಿಕೆ, ಕಾಲಕ್ಕೆ ತಕ್ಕ ವೇಷಭೂಷಣ, ಒಂದಿಷ್ಟು ದೂರದ ಓಟ, ಬಹುಮಾನ. ಧರ್ಮಸ್ಥಳದಲ್ಲಿ ವೀರೇಂದ್ರ ಹೆಗ್ಗಡೆಯವರು ಕಟ್ಟಿ ಬೆಳೆಸಿದ ಸಂಗ್ರಹ, ಬೆಂಗಳೂರಿನ ಹವ್ಯಾಸಿಗಳ ಸಂಗ್ರಹಗಳು ದೇಶದ ಉತ್ತಮ ಸಂಗ್ರಹಗಳ ಸಾಲಿನಲ್ಲಿವೆ. ಅವರೆಲ್ಲರ ಶ್ರಮ ದೊಡ್ಡದು. ಆದರೂ ಒಂದು ಕೊರತೆ ಉಳಿಯಿತು. ಓಡುವವರ ಬಳಿ ಹಳೆಯ ಕಾರಿಲ್ಲ, ಹಳೆಯ ಕಾರಿರುವವರು ಓಡುವುದಿಲ್ಲ.

ಈ ಎರಡು ಲೋಕಗಳು ಗುಟ್ಟಾಗಿ ಕೂಡುವ ಜಾಗವೊಂದಿದೆ, ಅದು ರಾಜಾಜಿನಗರ. 1949ರಲ್ಲಿ, ಆಗಿನ ಗವರ್ನರ್ ಜನರಲ್ ರಾಜಗೋಪಾಲಾಚಾರಿ ಅವರ ಹೆಸರಿನಲ್ಲಿ ಎದ್ದ ಈ ಬಡಾವಣೆಯನ್ನು ಕೈಗಾರಿಕಾ ಉಪನಗರವೆಂದೇ ಯೋಜಿಸಲಾಗಿತ್ತು. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್‌ಗಳಂಥ ದೊಡ್ಡ ಕಾರ್ಖಾನೆಗಳ ನೆರಳಿನಲ್ಲಿ ಇಲ್ಲಿನ ಗಲ್ಲಿಗಳಲ್ಲಿ ಸಣ್ಣ ಶೆಡ್ಡುಗಳು ಹುಟ್ಟಿಕೊಂಡವು. ಒಂದರಲ್ಲಿ ಲೇತು, ಪಕ್ಕದ್ದರಲ್ಲಿ ಗೇರು ಕತ್ತರಿಸುವ ಯಂತ್ರ, ಎದುರಿನದರಲ್ಲಿ ಗ್ರೈಂಡಿಂಗ್, ಮೂಲೆಯಲ್ಲಿ ಎರಕದ ಕುಲುಮೆ. ಜೆ.ಸಿ. ರಸ್ತೆಯ ಅಂಗಡಿಯವನು ‘ಆ ಮಾಲು ನಿಂತು ಹೋಗಿ ಇಪ್ಪತ್ತು ವರ್ಷ ಆಯಿತು ಸಾರ್’ ಎಂದು ಕೈಯಾಡಿಸಿದ ಮೇಲೆ ಹಳೆಯ ಕಾರಿನವನಿಗೆ ಉಳಿಯುವ ದಾರಿ ಇದೊಂದೇ.

ಅಲ್ಲಿ ನಡೆಯುವ ಕೆಲಸವನ್ನು ಒಮ್ಮೆ ನಿಂತು ನೋಡಬೇಕು. ನಕ್ಷೆಯಿರುವುದಿಲ್ಲ, ಇರುವುದು ಸವೆದ ಅಥವಾ ಎರಡಾಗಿ ಮುರಿದ ಒಂದು ತುಂಡು. ಮೇಸ್ತ್ರಿ ಮೊದಲು ಮಾಡುವುದು ಸವೆಯದ ಭಾಗ ಯಾವುದೆಂದು ಹುಡುಕುವ ಕೆಲಸ. ಅಲ್ಲಿ ಮೈಕ್ರೋಮೀಟರು ಹಿಡಿದು, ಈ ತುಂಡು ಹೊಸದಾಗಿದ್ದಾಗ ಎಷ್ಟಿದ್ದಿರಬೇಕು ಎಂದು ಹಿಂದಕ್ಕೆ ಲೆಕ್ಕ ಹಾಕುತ್ತಾನೆ. ಇಂಗ್ಲಿಷ್ ಕಾರಾದರೆ ಇಂಚಿನ ಲೆಕ್ಕ, ಇಟಲಿಯದಾದರೆ ಮಿಲಿಮೀಟರು. ತಿರುಪಿನ ಹಲ್ಲಿನ ಕೋನವೂ ಬೇರೆ. 1930ರ ದಶಕಕ್ಕೂ ಹಿಂದಿನ ಎಂಜಿನ್ನುಗಳಾದರೆ ಇನ್ನೂ ಕಷ್ಟ. ಅವುಗಳ ಬೇರಿಂಗು ಡಬ್ಬಿಯಲ್ಲಿ ಸಿಗುವ ವಸ್ತುವಲ್ಲ. ತವರ, ಆಂಟಿಮನಿ, ತಾಮ್ರ ಬೆರೆತ ‘ವೈಟ್ ಮೆಟಲ್’ ಕರಗಿಸಿ ಜಾಗದಲ್ಲೇ ಸುರಿದು, ಆರಿದ ಮೇಲೆ ಕೊರೆದು, ಕ್ರ್ಯಾಂಕಿಗೆ ನೀಲಿ ಬಣ್ಣ ಸವರಿ ತಿರುಗಿಸಿ, ಬಣ್ಣ ಅಂಟಿದಲ್ಲೆಲ್ಲ ಕೈಯಿಂದ ಕೆರೆಯಬೇಕು. ಮತ್ತೆ ಸವರಿ ತಿರುಗಿಸಿ ಕೆರೆಯಬೇಕು. ಇಡೀ ಮೈಗೆ ಬಣ್ಣ ಸಮವಾಗಿ ಕೂರುವವರೆಗೆ ಇದೇ ಜಪ. ಒಂದು ಕೂದಲೆಳೆಯಷ್ಟು ಹೆಚ್ಚು ಕೆರೆದರೆ ಮೊದಲಿನಿಂದ ಮತ್ತೆ ಶುರು. ಕಂಪ್ಯೂಟರು ನಡೆಸುವ ಸಿಎನ್‌ಸಿ ಯಂತ್ರ ಒಂದೇ ಅಳತೆಯ ಸಾವಿರ ತುಂಡು ಮಾಡಿಕೊಡುತ್ತದೆ. ಅಳತೆಯೇ ಕಳೆದುಹೋದ ಒಂದೇ ಒಂದು ತುಂಡಿಗೆ ಮನುಷ್ಯನೇ ಬೇಕು.

ಬೆಂಗಳೂರಿಗೂ ಕಾರಿಗೂ ಇರುವ ನಂಟು ಇನ್ನೂ ಆಳವಾಗಬಹುದಿತ್ತು ಎಂಬುದನ್ನೂ ಇಲ್ಲಿ ನೆನೆಯಬೇಕು. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಅಮೆರಿಕ ಮತ್ತು ಯುರೋಪಿನ ಕಾರ್ಖಾನೆಗಳನ್ನು ಸುತ್ತಿ ಬಂದು ಭಾರತದ್ದೇ ಆದ ಮೋಟಾರು ಕಾರ್ಖಾನೆಯ ಯೋಜನೆ ರೂಪಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಕೈಜೋಡಿಸಿದರು. ಮೈಸೂರು ಸರ್ಕಾರಕ್ಕೂ ಮನಸ್ಸಿತ್ತು. ಬ್ರಿಟಿಷ್ ಸರ್ಕಾರಕ್ಕೆ ಇರಲಿಲ್ಲ. ವಾಲ್‌ಚಂದರು 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಕಟ್ಟಿದರು. 1944ರಲ್ಲಿ ಮುಂಬೈಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಆರಂಭಿಸಿದರು. ಆ ಪ್ರೀಮಿಯರ್‌ನಿಂದಲೇ ನಮ್ಮ ಫಿಯೆಟ್ ಬಂದದ್ದು. ವಿಶ್ವೇಶ್ವರಯ್ಯನವರ ಕನಸಿನ ಕವಲೊಂದು ಮುಂಬೈ ಸುತ್ತಿ ಬಂದು ಈಗ ರಾಜಾಜಿನಗರದ ಶೆಡ್ಡಿನಲ್ಲಿ ಬಾನೆಟ್ ಎತ್ತಿಕೊಂಡು ನಿಂತಿದೆಯೆನ್ನಬಹುದು.

ಆದರೆ ಶೆಡ್ಡೇ ಎಷ್ಟು ದಿನ ನಿಂತೀತು? 2014ರಲ್ಲಿ ಮೆಟ್ರೊ ಬಂದ ಮೇಲೆ ಪಶ್ಚಿಮ ಬೆಂಗಳೂರಿನ ನೆಲಕ್ಕೆ ಬಂದ ಬೆಲೆಯ ಮುಂದೆ ಎರಡು ಲೇತಿನ ಸಂಪಾದನೆ ಲೆಕ್ಕಕ್ಕಿಲ್ಲ. ಕೈಗಾರಿಕೆಗೆಂದು ಮೀಸಲಿಟ್ಟ ಜಾಗದಲ್ಲಿ ಅಪಾರ್ಟ್‌ಮೆಂಟು, ಕಲ್ಯಾಣ ಮಂಟಪ, ಶೋರೂಮುಗಳು ಏಳುತ್ತಿರುವುದನ್ನು ಯಾರೂ ಕಾಣಬಹುದು. ಬಾಡಿಗೆ ತಾಳದ ಟರ್ನರುಗಳು ಪೀಣ್ಯಕ್ಕೂ ಅದರಾಚೆಗೂ ಸರಿದಿದ್ದಾರೆ. ಮಗ ಸಾಫ್ಟ್‌ವೇರಿಗೆ ಹೋದ ಮನೆಯಲ್ಲಿ ಕೆರೆಯುವ ಉಳಿ ಹಿಡಿಯುವವರಿಲ್ಲ. ಅದಕ್ಕೆ ಮಗನನ್ನು ದೂರುವುದು ಅನ್ಯಾಯ.

ಎರಡನೆಯ ಸಂಕಟ ಪೆಟ್ರೋಲಿನದು. 2025ರ ಹೊತ್ತಿಗೆ ದೇಶದ ಪೆಟ್ರೋಲಿಗೆ ಶೇ 20ರಷ್ಟು ಎಥೆನಾಲ್ ಬೆರೆಯತೊಡಗಿತು. ಕಬ್ಬು ಬೆಳೆಯುವ ರಾಜ್ಯದವರಾದ ನಾವು ಆ ನೀತಿಯನ್ನು ಸುಮ್ಮನೆ ಹಳಿಯಲಾಗದು. ಆದರೆ ಎಥೆನಾಲ್ ನೀರನ್ನು ಹೀರಿಕೊಳ್ಳುವ ದ್ರವ. ನಿಂತ ಕಾರಿನ ಟ್ಯಾಂಕಿನಲ್ಲಿ ಅದು ತುಕ್ಕಿಗೆ ಹಾದಿ. ಹಳೆಯ ಕಾಲದ ರಬ್ಬರು ಕೊಳವೆ, ಕಾರ್ಕಿನ ಗ್ಯಾಸ್ಕೆಟ್‌ಗಳಿಗೆ ಅದು ವಿಷ. ಕಾರ್ಬ್ಯುರೇಟರಿನ ಜೆಟ್ಟುಗಳನ್ನು ಬದಲಿಸದಿದ್ದರೆ ಎಂಜಿನ್ನು ಬಿಸಿಯೇರುತ್ತದೆ. ವಿಂಟೇಜ್ ನೋಂದಣಿಯ ನಿಯಮ ಬರೆದವರು ಆ ವಾಹನ ಏನನ್ನು ಕುಡಿಯಬೇಕೆಂದು ಯೋಚಿಸಿದಂತಿಲ್ಲ.

ಹಾಗಾದರೆ ಆಗಬೇಕಾದದ್ದೇನು? ಮೊದಲಿಗೆ, ನಮ್ಮಲ್ಲಿಯೂ ಫಿಯೆಟ್, ಹೆರಾಲ್ಡ್, ಅಂಬಾಸಡರುಗಳಿಗೇ ಮೀಸಲಾದ ಒಂದು ಸ್ಪರ್ಧಾ ವರ್ಗ ಬೇಕು. ಚೆನ್ನೈ, ಕೊಯಮತ್ತೂರಿನ ಟ್ರ್ಯಾಕುಗಳಿಗೆ ಕಾರನ್ನು ಲಾರಿಯ ಮೇಲೆ ಒಯ್ಯಬಹುದು. ವೇಗವೇ ಮುಖ್ಯವಾಗಬೇಕಿಲ್ಲ. 1957ರ ಮಿಲ್ಲೆ ಮಿಲಿಯಾದಲ್ಲಿ ಒಂದು ಫೆರಾರಿಯ ಟೈರು ಸಿಡಿದು ಇಬ್ಬರು ಚಾಲಕರೊಡನೆ ರಸ್ತೆ ಬದಿಯ ಒಂಬತ್ತು ಮಂದಿ ಸತ್ತರು. ಅವರಲ್ಲಿ ಐವರು ಮಕ್ಕಳು. ಆ ಓಟ ಅಲ್ಲಿಗೆ ನಿಂತಿತು. 1977ರಲ್ಲಿ ಅದು ಮರಳಿ ಬಂದಾಗ ವೇಗದ ಓಟವಾಗಿ ಬರಲಿಲ್ಲ. ನಿಗದಿಯಾದ ಹೊತ್ತಿಗೆ ನಿಗದಿಯಾದ ಜಾಗ ಮುಟ್ಟುವ ಲೆಕ್ಕಾಚಾರದ ಓಟವಾಗಿ ಬಂತು; ಬೇಗ ಬಂದರೂ ದಂಡ, ತಡವಾದರೂ ದಂಡ. ಕಾಲ, ವೇಗ, ದೂರಗಳ ಈ ಮಾದರಿ ಕರ್ನಾಟಕಕ್ಕೆ ಹೊಸದಲ್ಲ. ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳ ನಡುವೆ ರ‍್ಯಾಲಿ ಓಡಿಸಿದವರಿಗೆ ಅದು ಅಂಗೈ ನೆಲ್ಲಿಕಾಯಿ. ಅಂಥ ಸ್ಪರ್ಧೆಯಲ್ಲಿ ಎಪ್ಪತ್ತು ವರ್ಷದ ಕಾರೂ ಎಪ್ಪತ್ತು ವರ್ಷದ ಚಾಲಕನೂ ಗೌರವದಿಂದ ಭಾಗವಹಿಸಬಹುದು. ಬಿಡಿಭಾಗಗಳಿಗೆ ವರ್ಷವಿಡೀ ಬೇಡಿಕೆಯಿದ್ದರೆ ಶೆಡ್ಡಿನವನಿಗೂ ಬಾಡಿಗೆ ಕಟ್ಟುವ ದಾರಿ. ಒಂದೊಂದೇ ಬುಷ್ ಮಾಡಿಕೊಡುವವನು ಐವತ್ತನ್ನು ಒಟ್ಟಿಗೆ ಮಾಡಿದರೆ ಬೆಲೆಯೂ ಇಳಿಯುತ್ತದೆ.

ಇನ್ನೊಂದು ಸಣ್ಣ ಮಾತು. 2021ರ ನಿಯಮದ ಪ್ರಕಾರ ವಿಂಟೇಜ್ ಅರ್ಜಿಗಳನ್ನು ನೋಡಿಕೊಳ್ಳಲು ರಾಜ್ಯಗಳು ಒಬ್ಬ ನೋಡಲ್ ಅಧಿಕಾರಿಯನ್ನೂ, ವಾಹನವನ್ನು ಪರೀಕ್ಷಿಸಿ ಅದು ವಿಂಟೇಜ್ ಹೌದೋ ಅಲ್ಲವೋ ಎಂದು ಹೇಳಲು ಒಂದು ಸಮಿತಿಯನ್ನೂ ನೇಮಿಸಬೇಕು. ಎಂಜಿನ್ನಿನ ಮೇಲಿನ ಸಂಖ್ಯೆಯನ್ನು ಓದಲು ಅಧಿಕಾರಿಗಳು ಸಾಕು. ಆದರೆ ಒಳಗಿರುವ ಗೇರು ಕಾರ್ಖಾನೆಯದೋ, ನಲವತ್ತು ವರ್ಷಗಳ ಹಿಂದೆ ರಾಜಾಜಿನಗರದಲ್ಲಿ ಯಾರೋ ಕತ್ತರಿಸಿದ್ದೋ ಎಂದು ಬೆರಳಾಡಿಸಿ ಹೇಳಬಲ್ಲವನು ನಿವೃತ್ತ ಟರ್ನರು ಮಾತ್ರ. ಅಂಥ ಒಬ್ಬರಿಗೆ ಆ ಸಮಿತಿಯಲ್ಲಿ ಕುರ್ಚಿ ಹಾಕಲು ಸರ್ಕಾರಕ್ಕೆ ಹೆಚ್ಚು ಖರ್ಚೇನೂ ಆಗದು.